ಅಮ್ಮನ ಗಂಟಲು, ಅಜ್ಜಿಯ ತುಳು

ಡೊಂಬಿವಲಿಯ ನಮ್ಮ ಮನೆಗೆ ಮೊದಲ ಸಲ ಬಂದವರು ಶೂಗಳನ್ನು ಎಡವಿಯೇ ಬಾಗಿಲು ಮುಟ್ಟಬೇಕಿತ್ತು. ಮೂರನೇ ಮಹಡಿಯ ಇಕ್ಕಟ್ಟಾದ ಪ್ಯಾಸೇಜಿನಲ್ಲಿ, ನಮ್ಮ ಹೊಸ್ತಿಲಿನಿಂದ ಎದುರು ಮನೆಯ ಮರಾಠಿ ಚಿಕ್ಕಮ್ಮ ಕಾಕುವಿನ ರಂಗೋಲಿಯವರೆಗೂ ದೊಡ್ಡ ದೊಡ್ಡ ಶೂಗಳು ಬಿದ್ದಿರುತ್ತಿದ್ದವು. ಈ ಮನೆಯಲ್ಲಿ ಇಷ್ಟೊಂದು ಗಂಡಸರೇ ಎಂದು ಕೊರಿಯರ್‌ನವನು ಒಮ್ಮೆ ಹೆದರಿದ್ದ. ಅಷ್ಟೂ ಹುಡುಗಿಯರ ಶೂಗಳು! ಅಮ್ಮ ಕಲ್ಯಾಣದ ಒಂದು ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದಳು. ಮ್ಯಾಚಿನ ಹಿಂದಿನ ಸಂಜೆ ದೂರದ ಹುಡುಗಿಯರೆಲ್ಲ ನಮ್ಮಲ್ಲೇ ಉಳಿಯುವುದು ರೂಢಿ. ಹಾಲ್, ಅಡುಗೆಮನೆ, ಒಂದು ಮಲಗುವ ಕೋಣೆ, ಇಷ್ಟೇ ನಮ್ಮ ಮನೆ. ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದ. ಹಾಗಾಗಿ ಮನೆಯ ರಾಜ್ಯಭಾರ ಅಪ್ಪನ ಅಮ್ಮನದು, ಅಂದರೆ ನನ್ನ ಅಜ್ಜಿಯದು. ಅಷ್ಟು ಎತ್ತರದ ಹುಡುಗಿಯರು ಹಾಲ್ ತುಂಬ ಕಾಲು ಚಾಚಿ ಕೂತಿರುವಾಗ, ಅವರ ಮೊಣಕಾಲುಗಳ ಮೇಲೆ ಹಾರುತ್ತಾ ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತಿದ್ದ ನನಗೆ ಬೇರೆ ಯಾವ ಹಬ್ಬವೂ ಬೇಕಿರಲಿಲ್ಲ. ದೀಪಾವಳಿಗೂ ನಾನು ಅಷ್ಟು ಕುಣಿದವಳಲ್ಲ.

ಅಮ್ಮ ಧಾರವಾಡದವಳು. ಅಲ್ಲಿಯ ಮೈದಾನದಲ್ಲಿ ಆಡಿ ಬೆಳೆದವಳು. ಮದುವೆಯಾಗಿ ಡೊಂಬಿವಲಿಗೆ ಬರುವಾಗ ತವರಿನಿಂದ ತಂದದ್ದು ಎರಡೇ, ರೊಟ್ಟಿ ಬಡಿಯುವ ಕೈ ಮತ್ತು ಗಂಟಲು ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಆ ಗಂಟಲಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಡೊಂಬಿವಲಿ ಸ್ಟೇಷನ್ನಿನಲ್ಲಿ ಆಚೆ ಪ್ಲಾಟ್‌ಫಾರ್ಮಿನಲ್ಲಿರುವ ಹುಡುಗಿಯನ್ನು ಅವಳು ಈಚೆಯಿಂದ ಕೂಗಿದರೆ, ಕಾಯುತ್ತಿದ್ದ ಜನವೆಲ್ಲ ಗಾಡಿ ರದ್ದಾಯಿತೇನೋ ಎಂದು ಮೈಕಿನ ಕಡೆ ನೋಡುತ್ತಿತ್ತು. ನಾನು ಕೆಳಗೆ ಆಡುತ್ತಿದ್ದಾಗ ಅವಳು ಅಡುಗೆಮನೆಯ ಕಿಟಕಿಯಿಂದ 'ನಂದೂ' ಎಂದರೆ ನಮ್ಮ ಬಿಲ್ಡಿಂಗಿನ ಇನ್ನಿಬ್ಬರು ನಂದಿನಿಯರೂ ಮನೆಗೆ ಓಡುತ್ತಿದ್ದರು. ಅಜ್ಜಿಗೆ ಮಾತ್ರ ಸೊಸೆಯ ಗಂಟಲಾಗಲಿ, ಅವಳ ಟ್ರ್ಯಾಕ್ ಪ್ಯಾಂಟಾಗಲಿ, ಕೊರಳಿನ ಕರಿಮಣಿಯ ಜೊತೆಗೇ ತೂಗುತ್ತಿದ್ದ ಸೀಟಿಯಾಗಲಿ ಹಿಡಿಸುತ್ತಿರಲಿಲ್ಲ. ಸೀಟಿಯನ್ನು ಅವಳು ಪೀಪಿ ಎಂದೇ ಕರೆಯುತ್ತಿದ್ದಳು. ಕಾಕು ಏನಾದರೂ 'ನಿಮ್ಮ ಸೊಸೆ ಎಲ್ಲಿ' ಎಂದು ಕೇಳಿದರೆ 'ಪೀಪಿ ಊದಲಿಕ್ಕೆ ಹೋಗಿದ್ದಾಳೆ' ಎಂದು ಮೂಗು ಮುರಿಯುತ್ತಿದ್ದಳು.

ನಮ್ಮ ಮನೆಯ ಭಾಷೆಯ ಕಥೆಯೇ ಬೇರೆ. ಅಜ್ಜಿಗೂ ಅಪ್ಪನಿಗೂ ನಡುವೆ ತುಳು. ಅಜ್ಜಿಗೂ ಅಮ್ಮನಿಗೂ ನಡುವೆ ಕನ್ನಡ. ಅದೂ ಒಬ್ಬಳದು ಉಡುಪಿಯ ಕನ್ನಡ, ಇನ್ನೊಬ್ಬಳದು ಧಾರವಾಡದ್ದು. ಇಬ್ಬರೂ ಜಗಳಕ್ಕೆ ನಿಂತರೆ ಎರಡು ಜಿಲ್ಲೆಗಳೇ ಎದುರುಬದುರಾದ ಹಾಗೆ ಕೇಳುತ್ತಿತ್ತು. ನಾನು ಎಲ್ಲವನ್ನೂ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಹುಡುಗಿಯರು ಬಂದರೆ ಹಿಂದಿಯೂ ಸೇರಿಕೊಳ್ಳುತ್ತಿತ್ತು. ಜಗಳ ಹೆಚ್ಚಾಗಿ ಹುಟ್ಟುತ್ತಿದ್ದದ್ದು ಮ್ಯಾಚಿನ ಹಿಂದಿನ ದಿನ ಆ ಮಕ್ಕಳ ಹೊಟ್ಟೆಗೆ ಏನು ಹಾಕಬೇಕು ಎಂಬುದರ ಮೇಲೆ. ಅಮ್ಮನದು ಜೋಳದ ರೊಟ್ಟಿಯ ಪಕ್ಷ, ಅಜ್ಜಿಯದು ನೀರ್‌ದೋಸೆ ಮತ್ತು ಬಂಗುಡೆ ಸಾರಿನ ಪಕ್ಷ.

“ಅತ್ತೀ, ಇವತ್ತೊಂದ ದಿನ ರೊಟ್ಟಿ ತಿನ್ಲಿ ಬಿಡ್ರಿ. ಅಕ್ಕಿ ತಿಂದ್ರ ನಿದ್ದಿ ಹತ್ತತದ, ನಾಳೆ ಓಡೋದು ಹೆಂಗ?”

“ಓಡ್ಲಿ ಮಾರಾಯ್ತಿ, ನಾನು ಬೇಡ ಹೇಳಿದ್ದಾ? ಆದ್ರೆ ನಿನ್ನ ರೊಟ್ಟಿ ಜಗಿದು ಮುಗಿಯುವಷ್ಟರಲ್ಲಿ ಮ್ಯಾಚೇ ಮುಗಿದುಹೋಗ್ತದೆ.”

ಹುಡುಗಿಯರು ಜಾಣೆಯರು. ಎರಡನ್ನೂ ತಿನ್ನುತ್ತಿದ್ದರು. ಅದರಲ್ಲೂ ಸಾಯಲಿ ಎಂಬವಳು, ತಂಡದ ಕ್ಯಾಪ್ಟನ್, ಟಿಟ್ವಾಳಾದಿಂದ ಬರುತ್ತಿದ್ದ ಕಡ್ಡಿಯಂಥ ಹುಡುಗಿ, ರೊಟ್ಟಿಯಲ್ಲಿ ಬಂಗುಡೆ ಸಾರು ಅದ್ದಿಕೊಂಡು ತಿಂದು ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದಳು. ಊಟವಾದ ಮೇಲೆ ಅಮ್ಮ ಹಾಲಿನ ಮೊಸಾಯಿಕ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಗಳ ಬರೆದು ಸ್ಟೀಲ್ ಲೋಟಗಳನ್ನು ನಮ್ಮ ಆಟಗಾರ್ತಿಯರನ್ನಾಗಿಯೂ, ಅಜ್ಜಿಯ ಹಿತ್ತಾಳೆ ಲೋಟಗಳನ್ನು ಎದುರಾಳಿಗಳನ್ನಾಗಿಯೂ ಇಟ್ಟು ಪಾಠ ಶುರುಮಾಡುತ್ತಿದ್ದಳು. ಅಜ್ಜಿ ನಡುವೆ ಬಂದು ಒಂದು ಲೋಟ ಎತ್ತಿಕೊಂಡು ಚಹಾ ಬಗ್ಗಿಸಿಕೊಂಡು ಹೋದರೆ 'ಆಜಿ, ನನ್ನನ್ನು ಕುಡಿಯಬೇಡಿ' ಎಂದು ಸಾಯಲಿ ಮರಾಠಿಯಲ್ಲಿ ಕೂಗುತ್ತಿದ್ದಳು. ನಗುವಿನ ಗದ್ದಲಕ್ಕೆ ಕಾಕು ಬಂದು ಬಾಗಿಲು ತಟ್ಟುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಸೋಲಿಗೆ ಕಾರಣ ಅಮ್ಮನ ಗಂಟಲು! ಬೆಂಚಿನಿಂದ ಅವಳು ಹಿಂದಿಯಲ್ಲೂ ಮರಾಠಿಯಲ್ಲೂ ಕೂಗುತ್ತಿದ್ದ ಪ್ರತಿಯೊಂದು ಸೂಚನೆಯೂ ನಮ್ಮ ಹುಡುಗಿಯರಿಗಿಂತ ಮೊದಲು ಎದುರಾಳಿಗಳಿಗೆ ಮುಟ್ಟುತ್ತಿತ್ತು. 'ಅಂದರ್ ದೇ' ಎಂದು ಇವಳು ಕೂಗುವುದು, ಚೆಂಡು ಒಳಗೆ ಹೋಗುವ ಮೊದಲೇ ಅಲ್ಲಿ ಅವರ ಇಬ್ಬರು ಬಂದು ನಿಂತಿರುವುದು. ಸೋತದ್ದಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಕಾಲೇಜಿನ ಆಡಳಿತದವರು ಅಮ್ಮನನ್ನು ಕರೆದು, ಮುಂದಿನ ವರ್ಷವೂ ಕಪ್ ಬರದಿದ್ದರೆ ಹುಡುಗಿಯರ ತಂಡವನ್ನು ನಿಲ್ಲಿಸಿ ಆ ಅಂಗಳವನ್ನು ಪಾರ್ಕಿಂಗಿಗೆ ಕೊಡುತ್ತೇವೆ ಎಂದರು. ಮನೆಗೆ ಬಂದು ಅಮ್ಮ ಅದನ್ನು ಹೇಳಿದಾಗ ಅಜ್ಜಿಯ ಬಳಿ ಉತ್ತರ ತಯಾರಿತ್ತು. ನನ್ನ ಚಿಕ್ಕಪ್ಪ ಕಾಮೋಠೆಯಲ್ಲಿ ಹೊಸ ಹೋಟೆಲು ಹಾಕುವ ಓಡಾಟದಲ್ಲಿದ್ದ. ಅಲ್ಲಿ ಗಲ್ಲಾದಲ್ಲಿ, ಅಂದರೆ ಹಣದ ಪೆಟ್ಟಿಗೆಯ ಹಿಂದೆ, ಮನೆಯದ್ದೇ ಜನ ಬೇಕಿತ್ತು.

“ಒಂದು ವರ್ಷ ನೋಡುವ ಗೀತಾ. ಕಪ್ ಬಂದ್ರೆ ಸರಿ, ನಾನು ಮತ್ತೆ ಮಾತಾಡುದಿಲ್ಲ. ಬರ್ಲಿಲ್ಲಾಂದ್ರೆ ಪೀಪಿ ಊದಿದ್ದು ಸಾಕು, ಕಾಮೋಠೆಗೆ ಹೋಗಿ ಗಲ್ಲಾದಲ್ಲಿ ಕೂತ್ಕೊ.”

ಅಮ್ಮ 'ಆತ್ರೀ' ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಅಳು ಬಂತು. ಗಲ್ಲಾದ ಹಿಂದೆ ಸೀರೆಯುಟ್ಟು ಸುಮ್ಮನೆ ಕೂತ ಅಮ್ಮನನ್ನು ಊಹಿಸಿಕೊಳ್ಳಲಿಕ್ಕೇ ನನ್ನಿಂದ ಆಗಲಿಲ್ಲ.

ಆ ಸೋಲಿನ ನಂತರದ ವಾರ ಹುಡುಗಿಯರು ಅಮ್ಮನನ್ನು ಸಮಾಧಾನಪಡಿಸಲು ಮನೆಗೆ ಬಂದರು. ಬೇಸರದಲ್ಲಿ ಶೂಗಳ ಸಮೇತ ಹಾಲಿಗೆ ನುಗ್ಗಿದರು. ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದುಕೊಂಡೇ ಬಂದಳು.

“ಶೂ ಪಿದಾಯಿ!”

ಪಿದಾಯಿ ಎಂದರೆ ತುಳುವಿನಲ್ಲಿ ಹೊರಗೆ. ಅಜ್ಜಿ ಇನ್ನೇನೂ ಹೇಳಬೇಕಾಗಲಿಲ್ಲ. ಅಷ್ಟೂ ಹುಡುಗಿಯರು ಗಿರಕ್ಕನೆ ತಿರುಗಿ, ಒಬ್ಬರಿಗೊಬ್ಬರು ತಾಗದೆ, ಒಂದೇ ಉಸಿರಿಗೆ ಪ್ಯಾಸೇಜಿನಲ್ಲಿದ್ದರು. ಶೂ ಕಳಚಿ ನಿಂತವರಿಗೆ ಅಜ್ಜಿ 'ಉಲಾಯಿ ಬಲೆ' ಎಂದಳು. ಒಳಗೆ ಬನ್ನಿ ಎಂದು. ಅಷ್ಟೂ ಜನ ಒಳಗೆ. ಅಮ್ಮ ಕುರ್ಚಿಯಿಂದ ಎದ್ದು ನಿಂತೇಬಿಟ್ಟಳು. ಅವಳ ಕಣ್ಣು ಅರಳಿದ್ದು ನನಗೆ ಈಗಲೂ ಕಾಣುತ್ತದೆ.

“ಏ ನಂದೂ, ನೋಡಿದೇನ? ಅಜ್ಜಿ ಒಂದ ಮಾತ ಅಂದ್ರು, ಎಲ್ಲಾರೂ ಹೆಂಗ ಹೊರಗ ಹೋದ್ರು! ಅತ್ತೀ, ಇನ್ನೊಮ್ಮೆ ಅನ್ರಿ!”

ಅಂದಿನಿಂದ ನಮ್ಮ ಹಾಲ್ ತುಳು ಶಾಲೆಯಾಯಿತು, ಮೇಷ್ಟ್ರು ಅಜ್ಜಿ. ಉಲಾಯಿ ಎಂದರೆ ಬುಟ್ಟಿಯ ಕೆಳಗೆ ನಿಂತವಳಿಗೆ ಚೆಂಡು ಕೊಡು. ಪಿದಾಯಿ ಎಂದರೆ ಹೊರಗೆ, ದೂರದಿಂದ ಎಸೆಯುವವಳಿಗೆ ಕೊಡು. ಬಲಿಪು, ಓಡು. ಉಂತು, ನಿಲ್ಲು. ಪಿರ, ಹಿಂದೆ ಬಾ. ಮರಾಠಿ ಹುಡುಗಿಯರ ಬಾಯಲ್ಲಿ ಆ ಮಾತುಗಳು ಹೇಗೆ ಹೇಗೋ ತಿರುಚಿಕೊಳ್ಳುತ್ತಿದ್ದವು; ಅಜ್ಜಿ ಸೌಟಿನಿಂದ ಗಾಳಿಯಲ್ಲಿ ತಿದ್ದುತ್ತಿದ್ದಳು. ತಪ್ಪಿದವರಿಗೆ ನೀರ್‌ದೋಸೆ ಎಲ್ಲರಿಗಿಂತ ಕೊನೆಗೆ. ಅಜ್ಜಿ ಒಳಗೊಳಗೇ ಹಿಗ್ಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ತಾನು ಹೇಳಿದ್ದನ್ನು ಕೇಳುವ ಇಷ್ಟೊಂದು ಹೆಣ್ಣುಮಕ್ಕಳು ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಹಾಗಂತ ಒಪ್ಪಿಕೊಳ್ಳುವವಳೇ? 'ಈ ಮಕ್ಕಳಿಗೆ ಮಾತು ಕಲಿಸಿದ್ದಕ್ಕೂ ಗಲ್ಲಾಕ್ಕೂ ಸಂಬಂಧ ಇಲ್ಲ, ಹೇಳಿದ್ದು ಹೇಳಿದ್ದೇ' ಎಂದು ಮತ್ತೆ ಮತ್ತೆ ಎಚ್ಚರಿಸುತ್ತಿದ್ದಳು.

ಅಪ್ಪ ಮಾತ್ರ ತಲೆ ಅಲ್ಲಾಡಿಸಿದ. ಹಿಂದೊಮ್ಮೆ ಅವನು ಲೋಕಲ್‌ನಲ್ಲಿ ತನ್ನ ಗೆಳೆಯನೊಡನೆ, ಎದುರು ಸೀಟಿನಲ್ಲಿ ಅರ್ಧ ಬೆಂಚು ಆಕ್ರಮಿಸಿ ಕೂತವನೊಬ್ಬನ ಹೊಟ್ಟೆಯನ್ನು ಮುಲುಂಡಿನಿಂದ ಡೊಂಬಿವಲಿಯವರೆಗೆ ತುಳುವಿನಲ್ಲಿ ವರ್ಣಿಸಿದ್ದನಂತೆ. ಇಳಿಯುವಾಗ ಆ ಮನುಷ್ಯ ನಯವಾಗಿ 'ಎಂಕ್‌ಲಾ ತುಳು ಬರ್ಪುಂಡು' ಎಂದನಂತೆ, ನನಗೂ ತುಳು ಬರುತ್ತದೆ ಎಂದು. ಈ ಕಡೆಯ ಪ್ರತಿ ತುಳುವರ ಮನೆಯಲ್ಲೂ ಇಂಥದ್ದೊಂದು ಕಥೆ ಇದ್ದೇ ಇರುತ್ತದೆ.

“ತುಳು ಗುಟ್ಟಿನ ಭಾಷೆ ಅಂತ ಎಣಿಸ್ಬೇಡ ಮಾರಾಯ್ತಿ. ಇಲ್ಲಿ ಹೋಟೆಲಿಗೊಬ್ಬ ನಮ್ಮವ ಇದ್ದಾನೆ.”

“ಹೋಟೆಲಿನ್ಯಾಗ ಇದ್ದಾರ್ರೀ, ಬಾಸ್ಕೆಟ್‌ಬಾಲ್ ಅಂಗಳದಾಗ ಯಾರದಾರ?” ಎಂದು ಅಮ್ಮ ಅವನ ಬಾಯಿ ಮುಚ್ಚಿಸಿದಳು. ಧಾರವಾಡದವಳಾದ ಅವಳಿಗೆ ತುಳು ಎಂದರೆ ಅತ್ತೆಯ ಅಡುಗೆಮನೆಯ ಭಾಷೆ. ಆ ಬಾಗಿಲಿನಿಂದಾಚೆ ಅದಕ್ಕೆ ಕಿವಿಗಳಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಮುಂದಿನ ಸೀಸನ್ನಿನಲ್ಲಿ ನಾವು ಗೆದ್ದೆವು ನೋಡಿ! ನಾವು ಎನ್ನುತ್ತೇನೆ, ಏಕೆಂದರೆ ಶಾಲೆಗೆ ಚಕ್ಕರ್ ಹೊಡೆದು ಅಮ್ಮನ ಬೆಂಚಿನ ಹಿಂದೆ ನೀರಿನ ಬಾಟಲಿಗಳ ಚೀಲ ಕಾಯುತ್ತಿದ್ದವಳು ನಾನೇ. ಠಾಣೆಯಲ್ಲಿ ಗೆದ್ದೆವು, ಕಲ್ಯಾಣದಲ್ಲಿ ಗೆದ್ದೆವು. ಅಮ್ಮ ಗಂಟಲು ಹರಿಯುವ ಹಾಗೆ 'ಉಲಾಯಿ, ಉಲಾಯಿ' ಎಂದು ಕೂಗುವುದು, ಎದುರಾಳಿ ಹುಡುಗಿಯರು ಮಿಕಿಮಿಕಿ ನೋಡುವುದು. ಒಬ್ಬ ಕೋಚ್ ಅದು ತೆಲುಗು ಎಂದ. ಇನ್ನೊಬ್ಬ ಅದು ಭಾಷೆಯೇ ಅಲ್ಲ, ಬರೀ ಬೆದರಿಸುವ ಶಬ್ದ ಎಂದು ರೆಫರಿಗೆ ದೂರು ಕೊಟ್ಟ. ಸೆಮಿಫೈನಲ್ ಗೆದ್ದ ದಿನ ಹುಡುಗಿಯರು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಅಮ್ಮನನ್ನು ಎತ್ತಿಕೊಂಡು ಕುಣಿದರು.

ಫೈನಲ್ ವಾಶಿಯಲ್ಲಿ, ಒಂದು ಭಾನುವಾರ. ಅಜ್ಜಿಯೂ ಹೊರಟಳು. ಮ್ಯಾಚ್ ನೋಡಲಿಕ್ಕೆ ಎಂದು ಭಾವಿಸಿ ನಾನು ಕುಣಿದರೆ, ಅವಳ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಮರುದಿನ ಬೆಳಿಗ್ಗೆ ಕಾಮೋಠೆಯಲ್ಲಿ ಚಿಕ್ಕಪ್ಪನ ಹೋಟೆಲಿನ ಗಣಹೋಮ. ಸೋತರೆ ಅಮ್ಮನನ್ನು ಅಲ್ಲಿಂದಲೇ ಕರೆದುಕೊಂಡು ಹೋಗುವುದೆಂದು ಅವಳು ಚೀಲದಲ್ಲಿ ಅಮ್ಮನ ಸೀರೆಯನ್ನೂ ಇಟ್ಟುಕೊಂಡಿದ್ದಳು, ಹಸಿರು ಅಂಚಿನ ಕಾಟನ್ ಸೀರೆ. ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹತ್ತಿದ ಮೇಲೆ ಅಮ್ಮ ಆ ಚೀಲದ ಕಡೆ ನೋಡಲೇ ಇಲ್ಲ. ನಾನು ನೋಡುತ್ತಲೇ ಇದ್ದೆ.

ಮೊದಲರ್ಧ ನಮ್ಮದಾಗಬೇಕಿತ್ತು, ಆಗಲಿಲ್ಲ. ಎದುರು ತಂಡದಲ್ಲಿ ಉದ್ದ ಜಡೆಯ, ಗಟ್ಟಿ ಭುಜದ ಒಬ್ಬಳಿದ್ದಳು. ನಾವು ಚೆಂಡು ಎಲ್ಲಿಗೆ ಕಳಿಸಿದರೂ ಅಲ್ಲಿ ಅವಳ ಕೈ! ಅಮ್ಮ ಉಲಾಯಿ ಎಂದರೆ ಅವಳು ಒಳಗೆ ಹಾಜರ್, ಪಿದಾಯಿ ಎಂದರೆ ಹೊರಗೆ ಹಾಜರ್. ಅಮ್ಮ ಇನ್ನೂ ಜೋರಾಗಿ ಕೂಗಿದಳು, ನಾವು ಇನ್ನೂ ಹಿಂದೆ ಬಿದ್ದೆವು. ಅಂದು ನಾನು ಅಜ್ಜಿಯ ಜೊತೆ ಮೆಟ್ಟಿಲುಗಳ ಮೇಲೆ ಕೂತಿದ್ದೆ. ವಿರಾಮದ ನಂತರ ಮೂರನೇ ಕ್ವಾರ್ಟರ್ ಶುರುವಾಗುತ್ತಿದ್ದಂತೆ ನಮ್ಮಿಂದ ಸ್ವಲ್ಪ ಕೆಳಗೆ ಕೂತಿದ್ದ ಹೆಂಗಸೊಬ್ಬರು ಎದ್ದು ನಿಂತು ಆ ಉದ್ದ ಜಡೆಯವಳಿಗೆ ಕೂಗಿ ಹೇಳಿದರು:

“ಉಲಾಯಿ ಕೊರ್ಪೆರ್, ತೂಲ!”

ಒಳಗೆ ಕೊಡುತ್ತಾರೆ, ನೋಡು! ಅಪ್ಪ ಹೇಳಿದ್ದೇ ನಿಜವಾಯಿತು. ಅಜ್ಜಿ ನಮ್ಮ ಹುಡುಗಿಯರಿಗೆ ಕೂಗುವ ಭರದಲ್ಲಿ ಅದನ್ನು ಕೇಳಿಸಿಕೊಂಡಿರಲಿಲ್ಲ. ಪಕ್ಕದವರನ್ನು ಕೇಳಿದೆ: ತಾಯಿ ಮಗಳು, ಸಾನಪಾಡಾದವರು, ಅಲ್ಲೇ ಅವರ ಹೋಟೆಲಂತೆ. ಮೆಟ್ಟಿಲುಗಳನ್ನು ಹಾರಿಕೊಂಡು ಬೆಂಚಿಗೆ ಓಡಿ ಅಮ್ಮನ ಕಿವಿಯಲ್ಲಿ ಹೇಳಿದೆ. ಅಮ್ಮ ಟೈಮ್‌ಔಟ್ ಕೇಳಿದಳು. ಹುಡುಗಿಯರು ಏದುಸಿರು ಬಿಡುತ್ತಾ ಸುತ್ತ ನಿಂತರು. ಅಮ್ಮ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹೊಸ ಗುಟ್ಟು ಕಟ್ಟಲು ಸಮಯವೆಲ್ಲಿತ್ತು? ಆಮೇಲೆ ಅವಳು ಹೇಳಿದ್ದನ್ನು ಕೇಳಿ ಸಾಯಲಿಯೂ ಬಾಯಿ ಬಿಟ್ಟು ನೋಡಿದಳು.

“ಮೈ ಚಿಲ್ಲಾತೀ ರಹೂಂಗೀ. ಮೇರಾ ಮತ್ ಸುನ್‌ನಾ.”

ನಾನು ಕೂಗುತ್ತಲೇ ಇರುತ್ತೇನೆ, ನನ್ನ ಮಾತು ಕೇಳಬೇಡಿ! ಇಷ್ಟು ವರ್ಷ ತನ್ನ ಒಂದು ಕೂಗಿಗೆ ಹುಡುಗಿಯರು ತಿರುಗದಿದ್ದರೆ ಕೆರಳುತ್ತಿದ್ದವಳು ಇವಳೇ. 'ಫಿರ್ ಕರ್‌ನಾ ಕ್ಯಾ ಹೈ ಮ್ಯಾಡಮ್?' ಹಾಗಾದರೆ ಮಾಡುವುದೇನು ಎಂದು ಸಾಯಲಿ ಕೇಳಿದಳು. ನಿನಗೆ ಏನು ಕಾಣುತ್ತದೋ ಅದನ್ನು ಮಾಡು, ನಿನಗೆ ಆಟ ಗೊತ್ತು ಎಂದಳು ಅಮ್ಮ. ನಾನು ಮೆಟ್ಟಿಲ ಕಡೆ ಹೊರಟರೆ ನನ್ನ ಮಣಿಕಟ್ಟು ಹಿಡಿದಳು.

“ಅಜ್ಜಿಗೆ ಹೇಳಬ್ಯಾಡ.”

ಆಟ ಮತ್ತೆ ಶುರುವಾಯಿತು. ಅಮ್ಮ 'ಉಲಾಯಿ' ಎಂದು ಕಿರುಚಿದಳು. ಉದ್ದ ಜಡೆ ಒಳಗೆ ಓಡಿದಳು, ಸಾಯಲಿ ಚೆಂಡನ್ನು ಹೊರಗೆ ಕಳಿಸಿದಳು, ಬುಟ್ಟಿ! ಅಮ್ಮ 'ಉಂತು' ಎಂದರೆ ನಮ್ಮವರು ಓಡಿದರು, 'ಬಲಿಪು' ಎಂದರೆ ಚೆಂಡು ಹಿಡಿದು ನಿಂತರು. ಅಂತರ ಕರಗುತ್ತಾ ಬಂತು. ನನ್ನ ಪಕ್ಕದಲ್ಲಿ ಅಜ್ಜಿ ಕೆಂಡವಾಗಿದ್ದಳು. ತಾನು ಸೌಟು ಹಿಡಿದು ಕಲಿಸಿದ ಮಕ್ಕಳು ಕಣ್ಣೆದುರೇ ಮಾತು ಮೀರುತ್ತಿದ್ದಾರೆ! ಎರಡೆರಡು ಅಂಕ ಬರುತ್ತಿರುವುದೂ ಅವಳ ತಲೆಗೆ ಹೋಗುತ್ತಿರಲಿಲ್ಲ.

“ಎಂತ ಸಾವು ಇದು! ಉಲಾಯಿ ಹೇಳಿದ್ರೆ ಹೊರಗೆ ಬಿಸಾಡ್ತಾರಲ್ಲ! ಕಿವಿ ಕೇಳುದಿಲ್ವಾ ಇವಕ್ಕೆ? ನೀರ್‌ದೋಸೆ ಬೇಕಂತೆ ನೀರ್‌ದೋಸೆ, ಬರ್ಲಿ ಮನೆಗೆ!”

ಕೊನೆಯ ಗಳಿಗೆ. ನಾವು ಒಂದು ಅಂಕ ಹಿಂದೆ, ಚೆಂಡು ಸಾಯಲಿಯ ಕೈಯಲ್ಲಿ. ಉದ್ದ ಜಡೆಗೆ ಅನುಮಾನ ಬಂದಿತ್ತು. ಅಮ್ಮ 'ಪಿದಾಯಿ' ಎಂದು ಕೂಗಿದಾಗ ಅವಳು ಅಲ್ಲಾಡಲಿಲ್ಲ. ಏನು ಮಾಡಲಿ ಎಂಬಂತೆ ತಾಯಿಯ ಕಡೆ ನೋಡಿದಳು. ತಾಯಿ ತಿರುಗಿ ನಮ್ಮ ಅಜ್ಜಿಯನ್ನು ನೋಡಿದರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುತ್ತಿಗೆಯ ನರ ಉಬ್ಬಿಸಿ, ನಿಜವಾದ ಸಿಟ್ಟಿನಿಂದ, ಅಮ್ಮನ ಗಂಟಲನ್ನೂ ಮುಳುಗಿಸುವ ಹಾಗೆ ಕಿರುಚುತ್ತಿದ್ದಳು.

“ಪಿದಾಯಿ! ಪಿದಾಯಿ! ಪಿದಾಯಿ!”

ಅಷ್ಟು ಸಿಟ್ಟಿನ ಅಜ್ಜಿ ಸುಳ್ಳು ಹೇಳುತ್ತಾಳೆಂದು ಯಾವ ತುಳುವರು ನಂಬುತ್ತಾರೆ? ತಾಯಿ 'ಪಿದಾಯಿ ಪೋ' ಎಂದರು, ಮಗಳು ಹೊರಗೆ ಹಾರಿದಳು. ಸಾಯಲಿ ಖಾಲಿಯಾದ ಜಾಗದಲ್ಲಿ ಎರಡು ಹೆಜ್ಜೆ ಹಾಕಿ ಚೆಂಡನ್ನು ಬೋರ್ಡಿಗೆ ಮೆಲ್ಲಗೆ ತಾಗಿಸಿದಳು. ಅದು ಬುಟ್ಟಿಯ ಅಂಚಿನಲ್ಲಿ ಒಂದು ಸುತ್ತು ತಿರುಗಿ ಒಳಗೆ ಬಿತ್ತು. ಸೈರನ್ ಕೂಗಿತು. ಆಮೇಲೆ ನನಗೆ ನೆನಪಿರುವುದು ನನ್ನದೇ ಕಿರುಚಾಟ. ಈಗ ನಾನೂ ಕಾಲೇಜು ಹುಡುಗಿಯರಿಗೆ ಇದೇ ಆಟ ಕಲಿಸುತ್ತೇನೆ. ಅಮ್ಮನ ಗಂಟಲೇ ನನಗೂ ಬಂದಿದೆ. ಆದರೆ ನಾನು ಕೋಚ್ ಆಗಬೇಕೆಂದು ನಿಶ್ಚಯಿಸಿದ್ದು ಅಂದೇ, ಅಮ್ಮ 'ನನ್ನ ಮಾತು ಕೇಳಬೇಡಿ' ಎಂದ ಆ ಟೈಮ್‌ಔಟಿನಲ್ಲಿ. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೆ ಮೊದಲು ಉಕ್ಕಿರಲಿಲ್ಲ.

ಬಹುಮಾನ ಕೊಡುವಾಗ ಸಾನಪಾಡಾದ ಆ ತಾಯಿ ಅಜ್ಜಿಯನ್ನು ಹುಡುಕಿಕೊಂಡು ಬಂದರು. 'ಈರೆನ ಊರು ಓಲು?' ನಿಮ್ಮ ಊರು ಯಾವುದು ಎಂದು ಶುರುವಾದ ಮಾತು ಕಾಪುವಿನ ಯಾರದೋ ಮನೆಯ ಬಾವಿಯವರೆಗೂ ಹೋಯಿತು. 'ನಿಮ್ಮನ್ನು ನಂಬಿ ಕೆಟ್ಟೆವು, ಎಷ್ಟು ಚೆನ್ನಾಗಿ ನಟಿಸಿದಿರಿ' ಎಂದು ಅವರು ನಕ್ಕಾಗಲೇ ಸೊಸೆ ತನಗೆ ಹೇಳದೆ ತನ್ನ ಸಿಟ್ಟನ್ನೇ ಬಳಸಿಕೊಂಡಿದ್ದಾಳೆಂದು ಅಜ್ಜಿಗೆ ತಿಳಿದದ್ದು. ಅವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ವಾಶಿ ಸ್ಟೇಷನ್ನಿನವರೆಗೂ ತಿರುಗಿ ನೋಡಲಿಲ್ಲ. ಕಾಮೋಠೆಗೆ ಹೋಗಬೇಕಾದರೆ ಪನ್‌ವೇಲ್ ಗಾಡಿ, ಮನೆಗಾದರೆ ಠಾಣೆ ಗಾಡಿ. ಅಜ್ಜಿ ಚೀಲ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು. ಕಪ್ ಹೊತ್ತ ಹುಡುಗಿಯರೂ ನಿಂತರು. ಅಮ್ಮ ತಲೆ ತಗ್ಗಿಸಿದ್ದಳು. ಅಜ್ಜಿ ಅಮ್ಮನ ಮೊಬೈಲ್ ಕೇಳಿ ಚಿಕ್ಕಪ್ಪನಿಗೆ ಫೋನ್ ಹಚ್ಚಿಸಿದಳು. ತುಳುವಿನಲ್ಲಿ ಅವಳು ಹೇಳಿದ್ದರ ಕನ್ನಡ ಇಷ್ಟು:

“ಹೋಮಕ್ಕೆ ನಾಳೆ ಬೆಳಿಗ್ಗೆ ಬರ್ತೇನೆ ಮಗಾ. ಗಲ್ಲಾಕ್ಕೆ ಬೇರೆ ಯಾರನ್ನಾದ್ರೂ ನೋಡು. ಗೀತಾ ಬೇಡ. ಸ್ವಂತ ಅತ್ತೆಗೇ ಟೋಪಿ ಹಾಕಿದವಳು ಇವಳು, ಇವಳನ್ನು ಹಣದ ಹತ್ತಿರ ಕೂರಿಸುದು ಒಳ್ಳೇದಲ್ಲ.”

ಫೋನ್ ಕೊಟ್ಟು ಚೀಲವನ್ನು ನನ್ನ ಕೈಗೆ ತುರುಕಿ ಠಾಣೆ ಗಾಡಿಯ ಕಡೆ ನಡೆದಳು. ಅಮ್ಮ ಅವಳ ಹಿಂದೆ ಓಡಿ ಪ್ಲಾಟ್‌ಫಾರ್ಮಿನ ಜನದ ನಡುವೆಯೇ ಅವಳನ್ನು ತಬ್ಬಿಕೊಂಡಳು. ಬಿಡು ಬಿಡು, ಬೆವರು ನಾತ ಎಂದು ಅಜ್ಜಿ ಕೊಸರಿದಳು, ಬಿಡಿಸಿಕೊಳ್ಳಲಿಲ್ಲ. ಡೊಂಬಿವಲಿಯವರೆಗೂ ಲೇಡೀಸ್ ಡಬ್ಬಿಯಲ್ಲಿ ನಾವು ಹಾಡಿದ್ದೇ ಹಾಡಿದ್ದು. ಮೂರನೇ ಮಹಡಿಗೆ ಕಪ್ ಎತ್ತಿಕೊಂಡು ಬೊಬ್ಬೆ ಹಾಕುತ್ತಾ ಹತ್ತಿದೆವು, ಕಾಕು ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಎಲ್ಲರಿಗಿಂತ ಮೊದಲು ಒಳಗೆ ಹೋಗಿದ್ದ ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತು, ಕಪ್ಪನ್ನು ಮೇಲಿಂದ ಕೆಳಗೆ ನೋಡಿದಳು, ನಮ್ಮ ಕಾಲುಗಳನ್ನು ನೋಡಿದಳು.

“ಕಪ್ ಉಲಾಯಿ,” ಎಂದಳು. “ಶೂ ಪಿದಾಯಿ.”